ಕಂಬಿಯಿಂದ ಕಾಲಿಳಿಸಿದ ಇಲಿಗಳು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಔಷಧ ಪ್ರಯೋಗಾಲಯದಲ್ಲಿ ಎಲ್ಲರೂ ಗಡಿಯಾರದಕ್ಕ ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ ಒಂದೇ: ಚುಚ್ಚುಮದ್ದು ಕೊಟ್ಟ ಇಲಿಯ ಮುಂಗಾಲುಗಳನ್ನು ಅಡ್ಡಕಂಬಿಯ ಮೇಲಿರಿಸಿ, ಅದು ಎಷ್ಟು ಸೆಕೆಂಡಿಗೆ ಕಾಲಿಳಿಸುತ್ತದೆ ಎಂದು ಬರೆದುಕೊಳ್ಳುವುದು. ಮೈ ಸೆಟೆಸುವ ಔಷಧವಾದರೆ ಇಲಿ ಇಟ್ಟಲ್ಲೇ ಇರುತ್ತದೆ.

ಮೈ ಸೆಟೆಯುವುದೆಂದರೇನೆಂದು ಅವಳಿಗೆ ಮನೆಯಲ್ಲೇ ಗೊತ್ತು. ಇಲ್ಲದ ದನಿಗಳು ಅವಳ ಅಣ್ಣನ ಕಿವಿಯಲ್ಲಿ ಮಾತಾಡುತ್ತಿದ್ದವು. ಆ ಕಾಯಿಲೆಗೆ ಕೊಡುವ ಹಳೆಯ ಔಷಧ ಅವುಗಳ ಬಾಯಿ ಮುಚ್ಚಿಸಿತು. ಜೊತೆಗೆ ಅಣ್ಣನ ಕೈಕಾಲನ್ನೂ ಕಟ್ಟಿಹಾಕಿತು. ಅಂಗಿಯ ಗುಂಡಿ ಹಾಕಿಕೊಳ್ಳಲು ಅವನಿಗೆ ಕಾಲು ಗಂಟೆ ಬೇಕು.

"ಮಿದುಳಲ್ಲಿ ಸುದ್ದಿ ಹಿಡಿಯೋ ಗ್ರಾಹಕಗಳು ಅಂತ ಇವೆ ಮೇಷ್ಟ್ರೇ," ಎಂದು ಒಮ್ಮೆ ವಿವರಿಸಿದಳು. "ಹಳೇದು ಒಂದೇ ಜಾತಿಯದನ್ನ ಬಿಗಿಯಾಗಿ ಹಿಡಿದುಬಿಡುತ್ತೆ, ಅದಕ್ಕೇ ಮೈ ಸೆಟೆಯುತ್ತೆ. ನಮ್ಮ ಹೊಸದು ಅದನ್ನ ಸಡಿಲವಾಗಿ ಹಿಡಿದು, ಇನ್ನೂ ಮೂರು ಜಾತಿಯವುಗಳ ಮೇಲೂ ಕೈಯಾಡಿಸುತ್ತೆ."

ಪರೀಕ್ಷೆಗೆಂದೇ ಕೊಟ್ಟ ತಲೆ ಕೆಡಿಸುವ ಮದ್ದಿನಿಂದ ದಿಕ್ಕೆಟ್ಟು ಓಡುತ್ತಿದ್ದ ಇಲಿಗಳು ಹೊಸ ಔಷಧಕ್ಕೆ ಶಾಂತವಾದವು. ಕಂಬಿಯಿಂದಲೂ ತಕ್ಷಣ ಕಾಲಿಳಿಸಿದವು. ಆದರೆ ಪ್ರಯೋಗಾಲಯದ ಮುಖ್ಯಸ್ಥರು ಒಪ್ಪಲಿಲ್ಲ. ಅವಳು ಇಲಿಗಳ ಬೆನ್ನು ಸವರಿ, "ಬಾರಪ್ಪ ರಾಜ" ಎಂದು ಮಾತಾಡಿಸುತ್ತಿದ್ದುದನ್ನು ಅವರು ಕಂಡಿದ್ದರು.

"ಇಳಿದದ್ದು ನಿಮ್ಮ ಮುದ್ದಿಗಮ್ಮ, ಔಷಧಕ್ಕಲ್ಲ. ಹಳೇದು ಕೊಟ್ಟ ಇಲಿಗಳನ್ನೂ ಹೀಗೇ ಸವರಿದ್ರಾ?"

ಅವಳು ತಲೆ ತಗ್ಗಿಸಿದಳು. "ಇಲ್ಲ ಸಾರ್. ಅವು ಸೆಟೆದು ನಿಂತದ್ದು ನೋಡಿದ್ರೆ ಅಣ್ಣ ನೆನಪಾಗ್ತಾನೆ. ಮುಟ್ಟೋಕೆ ಮನಸ್ಸು ಬರಲ್ಲ."

"ಹಾಗಾದ್ರೆ ಇದೆಲ್ಲ ಕಸದ ಬುಟ್ಟಿಗೆ. ಇನ್ನೊಂದೇ ಸಲ ನೋಡೋಣ. ಆಗಲೂ ಗೊಂದಲವಾದ್ರೆ ಈ ಔಷಧವನ್ನೇ ಕೈಬಿಡೋದು."

ಈ ಸಲ ಸಿರಿಂಜುಗಳ ಮೇಲೆ ಬರೀ ಅಂಕಿಗಳು. ಯಾವುದರಲ್ಲಿ ಯಾವ ಔಷಧ ಎಂಬುದು ಮುಖ್ಯಸ್ಥರ ಲಕೋಟೆಯಲ್ಲಿ. ಇಪ್ಪತ್ತನಾಲ್ಕು ಇಲಿಗಳನ್ನೂ ಅವಳು ಒಂದೇ ಸಮನೆ ಸವರಿದಳು. ಹನ್ನೆರಡು ಇಲಿಗಳು ಮೂರು ನಿಮಿಷವಾದರೂ ಬೊಂಬೆಗಳಂತೆ ನಿಂತೇ ಇದ್ದವು. ಉಳಿದವು ನಾಲ್ಕೈದು ಸೆಕೆಂಡಿನಲ್ಲಿ ಕಾಲಿಳಿಸಿ ಮೀಸೆ ಒರೆಸಿಕೊಂಡವು. ಲಕೋಟೆ ಒಡೆದರೆ, ಇಳಿದ ಹನ್ನೆರಡೂ ಹೊಸ ಔಷಧದವು.

ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಕುಳಿತರಂತೆ. "ನಿಮ್ಮ ಮುದ್ದಿಗೂ ಒಂದು ಮಿತಿ ಇದೆಯಮ್ಮ. ಇಳಿಸಿದ್ದು ಔಷಧವೇ" ಎಂದರಂತೆ.

ಕೇಳಿ ನಾನು ಬೆರಗಾದೆ. ಕಣ್ಣಿಗೇ ಕಾಣದ ಒಂದು ಅಣು, ಅಷ್ಟು ದೊಡ್ಡ ಮಿದುಳಿನ ಕತ್ತಲೆಯಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬರೀ ಸವರಬೇಕು ಎಂದು ಅರಿತಂತೆ ನಡೆದುಕೊಳ್ಳುವುದಾದರೂ ಹೇಗೆ?

"ಇದು ಮನುಷ್ಯರ ತನಕ ಬರೋಕೆ ಹತ್ತು ವರ್ಷ ಆದೀತು ಮೇಷ್ಟ್ರೇ. ಬರದೆಯೂ ಇರಬಹುದು," ಎಂದಳು.

ಲಕೋಟೆ ಒಡೆದ ಸಂಜೆಯೇ ಅಣ್ಣನಿಗೂ ಅದನ್ನು ಮುಚ್ಚಿಡದೆ ಹೇಳಿದ್ದಳು. ಅವನು ವರ್ಷಗಳ ಮಾತನ್ನೇ ಎತ್ತಲಿಲ್ಲವಂತೆ.

"ಆ ಇಲಿ ಕಾಲಿಳಿಸಿತಲ್ಲ," ಎಂದನಂತೆ, "ಅದನ್ನ ಇನ್ನೊಂದ್ಸಲ ಹೇಳು."