ಮುಚ್ಚಿದ ಹಗೇವಿನ ವಾಸನೆ

ಶಕುನ, ಸೂಚನೆ ಎಂದು ಯಾರಾದರೂ ಹೇಳಿದರೆ ನಾನು ಎದುರಿಗೇ ನಕ್ಕುಬಿಡುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಗಬಹುದು, ನಗಿರಿ. ಕಲಿತದ್ದು ಮೂರನೇ ಇಯತ್ತೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನನ್ನ ಮೊಮ್ಮಗಳು ಗಿರಿಜಾ ಮೊನ್ನೆ ಡಾಕ್ಟರ್ ಆದಳು. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಸಂಶೋಧನೆಯ ಡಾಕ್ಟರ್! ನವಲಗುಂದದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದ್ದೇನೆ. ಕಂಡಕ್ಟರನಿಗೆ ಎರಡು ಸಲ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಅವಳು ನಮ್ಮ ಎರಿಹೊಲದ ಕಪ್ಪು ಮಣ್ಣಿನೊಳಗಿನ, ಕಣ್ಣಿಗೆ ಕಾಣದ ಜೀವಿಗಳನ್ನು ಹುಡುಕಿದಳು. ಆ ಮಣ್ಣು ಕಟ್ಟಿ ಕೊಟ್ಟವಳು ನಾನೇ.

ಇದು ಅವಳಿನ್ನೂ ಅಲ್ಲಿ ಕಲಿಯುತ್ತಿದ್ದಾಗಿನ ಮಾತು. ಮಧ್ಯಾಹ್ನ ಅಂಗಳದಲ್ಲಿ ಹತ್ತಿ ಬಿಡಿಸುತ್ತ ಕೂತಿದ್ದೆ. ಇದ್ದಕ್ಕಿದ್ದಂತೆ ಹಗೇವಿನ ವಾಸನೆ ಬಂತು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ತೆರೆದ ಕೂಡಲೇ ಅದರೊಳಗೆ ಇಳಿಯಬಾರದು. ಒಳಗಿನ ಕೆಟ್ಟ ಗಾಳಿ ಉಸಿರು ಕಟ್ಟಿಸಿ ಕೊಲ್ಲುತ್ತದೆ. ಮೊದಲು ಕಂದೀಲು ಇಳಿಬಿಡಬೇಕು, ದೀಪ ಆರಿದರೆ ಕಾಯಬೇಕು. ಸೊಸೆಯಾಗಿ ಬಂದ ಹೊಸದರಲ್ಲಿ ಆ ಕಂದೀಲು ಹಿಡಿದವಳು ನಾನು. ಆ ಹುಳಿವಾಸನೆ ಮರೆಯುವಂಥದ್ದಲ್ಲ. ಆದರೆ ನಮ್ಮ ಹಗೇವಿಗೆ ಮಣ್ಣು ತುಂಬಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಬಾಜು ಮನೆಯವಳನ್ನು ಕರೆದೆ. ಮೂಸಿ ನೋಡಿ, “ನಿಮ್ಮ ಒಲಿ ಮ್ಯಾಲಿನ ಬ್ಯಾಳಿ ವಾಸನಿರಿ” ಎಂದು ನಕ್ಕು ಹೋದಳು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಯಾಕೋ ಗಿರಿಜಾಳೇ ಕಣ್ಣ ಮುಂದೆ ಬಂದಳು. ಫೋನ್ ಮಾಡಿದೆ.

“ಗಿರಿಜಾ, ಕೆಳಗ ಇಳೀಬ್ಯಾಡ!”

“ಎಲ್ಲಿ ಕೆಳಗ ಬೇ ಆಯಿ?”

“ನನಗೇನ್ ಗೊತ್ತು? ಇಳೀಬ್ಯಾಡ ಅಂದ್ರ ಇಳೀಬ್ಯಾಡ!”

“ಬಿಸಲು ನೆತ್ತಿಗೇರೇತೇನ್? ಮಜ್ಜಿಗಿ ಕುಡದು ಅಡ್ಡಾಗು. ನಾ ನೆಲಮಾಳಿಗ್ಯಾಗ ಹೋಗಿ ಮಣ್ಣಿನ ಡಬ್ಬಿ ತರಬೇಕು, ಅಲ್ಲಿ ಫೋನ್ ಹತ್ತೂದಿಲ್ಲ.”

“ಫೋನ್ ಇಟ್ಟಿ ಅಂದ್ರ ನನ್ನಾಣಿ ಐತಿ ನೋಡು!”

ಬೈಯುತ್ತಲೇ ಅವಳು ನೆಲಮಾಳಿಗೆಯ ಮೆಟ್ಟಿಲ ಮೇಲೇ ನಿಂತಳಂತೆ. ಅಷ್ಟರಲ್ಲಿ ಅತ್ತ ಕಡೆ ಗಂಟೆ ಬಾರಿಸಿದ್ದು, ಜನ ಕೂಗಾಡಿದ್ದು ನನಗೂ ಕೇಳಿಸಿತು. ಮಣ್ಣನ್ನು ತಣ್ಣಗಿಡುವ ಗ್ಯಾಸ್ ಸೋರಿ ನೆಲಮಾಳಿಗೆಯೆಲ್ಲ ತುಂಬಿತ್ತು. ಇಳಿದಿದ್ದರೆ ಉಸಿರಾಡಲು ಗಾಳಿಯೇ ಇರುತ್ತಿರಲಿಲ್ಲವಂತೆ.

ಡಾಕ್ಟರ್ ಆಗಿ ಊರಿಗೆ ಬಂದಾಗ ಹೋಳಿಗೆ ಬಡಿಸುತ್ತ ಕೇಳಿದೆ, “ಈಗ ನೀ ಶಾಣ್ಯಾಕಿ, ಹೇಳು. ಆ ಗ್ಯಾಸಿನ ವಾಸನಿ ಬೆಂಗಳೂರಿಂದ ಇಲ್ಲೀತನಕ ಹೆಂಗ ಬಂತು?”

ಗಿರಿಜಾ ಬಾಯಿಗೆ ಒಯ್ದ ತುತ್ತನ್ನು ತಾಟಿನಲ್ಲಿಟ್ಟಳು.

“ಆಯಿ, ಆ ಗ್ಯಾಸಿಗೆ ವಾಸನಿನ ಇಲ್ಲ” ಎಂದಳು.

ಹಾಗಾದರೆ ನನ್ನ ಅಂಗಳಕ್ಕೆ ಬಂದದ್ದು ಏನು? ನನಗಂತೂ ತಿಳಿಯದು. ನನ್ನ ಡಾಕ್ಟರಿಗೂ ತಿಳಿಯದು.