ಎಮ್ಮೆಯ ಹಿಂಗಾಲು

ನಾನು ಟಿವಿಯಲ್ಲಿ ಪಾತ್ರ ಮಾಡಿದವನು. ಈ ಮಾತನ್ನು ಮರಾಠಿ ಸೀಮೆಯ ಗಡಿಯಲ್ಲಿರುವ ನಮ್ಮ ಉಮರ್ಗಾದಲ್ಲಿ ಯಾರ ಮುಂದಾದರೂ ಹೇಳಿ ನೋಡಿ, ಮೊದಲು ನಗುತ್ತಾರೆ, ಆಮೇಲೆ ಈ ಸಲ ತೊಗರಿ ಹೇಗಿದೆ ಅಂತ ಕೇಳುತ್ತಾರೆ. ಮೂವತ್ತು ವರ್ಷದಿಂದ ನಾನು ಹೇಳುತ್ತ ಬಂದಿದ್ದೇನೆ, ಅವರು ನಗುತ್ತ ಬಂದಿದ್ದಾರೆ. ನನ್ನ ಹೆಂಡತಿ ಶಾಂತಾ ಮಾತ್ರ ನಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಬಹಳ ಹುರುಪಿನಿಂದ ಅವಳಿಗೆ ಇದನ್ನು ಹೇಳಿದೆ. ‘ಇರಲಿ ಬಿಡ್ರಿ, ಎಲ್ಲಾರ ಮನ್ಯಾಗೂ ಗಂಡಸೂರು ಏನರ ಒಂದು ಹೇಳತಿರ್ತಾರ’ ಅಂದಳು. ಅದಕ್ಕಿಂತ ನಕ್ಕುಬಿಟ್ಟಿದ್ದರೆ ನನಗೆ ಹಿತವಾಗುತ್ತಿತ್ತು.

ಯಾವ ಪಾತ್ರ ಅಂತ ನೀವು ಕೇಳುತ್ತೀರಿ. ಎಮ್ಮೆಯದು. ಊರಿಗೆ ಇಷ್ಟೇ ಹೇಳಿದ್ದೇನೆ. ನಿಮ್ಮ ಮುಂದೆ ಮುಚ್ಚಿಡುವುದೇನು? ಎಮ್ಮೆಯ ಮುಂದಿನ ಅರ್ಧ ಮುಂಬೈಯ ಒಬ್ಬ ನಟ, ಹಿಂದಿನ ಅರ್ಧ ನಾನು. ಎರಡು ಕಾಲು ಮತ್ತು ಒಂದು ಬಾಲ ನನ್ನ ಸುಪರ್ದಿಯಲ್ಲಿದ್ದವು. ನಮ್ಮ ಊರಿನ ಮಂದಿ ಎಷ್ಟು ಚಿಕಿತ್ಸಕ ಬುದ್ಧಿಯವರು ಅಂದರೂ, ಎಮ್ಮೆಯ ಯಾವ ಭಾಗ ಅಂತ ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಕೇಳದ್ದನ್ನು ಹೇಳುವುದು ವ್ಯಾಪಾರಿಯ ಧರ್ಮವಲ್ಲ.

ತೊಂಬತ್ತಮೂರರ ದೊಡ್ಡ ಭೂಕಂಪದ ಮರುವರ್ಷದ ಮಾತಿದು. ಆಗ ನಮ್ಮ ಕಡೆ ಬಾರದವರು ಯಾರು? ಕಂಬಳಿ ತಂದವರು ಬಂದರು, ಭಾಷಣ ತಂದವರು ಬಂದರು. ನಮ್ಮ ಮೇ ತಿಂಗಳ ಬಿಸಿಲಿಗೆ ಯಾರೋ ಪುಣ್ಯಾತ್ಮರು ಒಂದು ಟ್ರಕ್ ತುಂಬ ಉಣ್ಣೆಯ ಸ್ವೆಟರ್ ಕಳಿಸಿದರು. ನಿಮಗೆ ದುಃಖವಾಗಿದೆಯೇ, ಆಗಿದ್ದರೆ ಸ್ವಲ್ಪವೋ ಬಹಳವೋ, ಸರಿಯಾದ ಚೌಕದಲ್ಲಿ ಗುರುತು ಹಾಕಿರಿ ಅಂತ ಕಾಗದ ಹಿಡಿದುಕೊಂಡು ಬಂದವರೂ ಇದ್ದರು. ಮನೆ ಕಳೆದುಕೊಂಡ ಮಂದಿ ಸಾಲುಸಾಲು ತಗಡಿನ ಶೆಡ್ಡುಗಳಲ್ಲಿ ಕೂತು ಆ ಚೌಕಗಳನ್ನು ಒಂದೂ ಬಿಡದೆ ತುಂಬಿಕೊಟ್ಟರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ನಮ್ಮಲ್ಲಿ ರೂಢಿಯಿಲ್ಲ.

ಮುಂಬೈಯ ಒಂದು ತಂಡ ಎಮ್ಮೆ ತಂದಿತು. ಗೋಣಿತಟ್ಟು, ಕರಿ ಮಖಮಲ್ಲು, ಬಿದಿರಿನ ಕೊಂಬು. ಶೆಡ್ಡಿನ ಮಕ್ಕಳಿಗಾಗಿ ಅವರೊಂದು ಟಿವಿ ಧಾರಾವಾಹಿ ಮಾಡುವವರಿದ್ದರು. ಮೊದಲು ಒಂದೇ ಕಂತು ತೆಗೆದು ಮೇಲಿನವರಿಗೆ ತೋರಿಸಬೇಕು, ಅವರು ಒಪ್ಪಿದರೆ ಉಳಿದದ್ದು. ಇದಕ್ಕೆ ಅವರು ಪೈಲಟ್ ಅನ್ನುತ್ತಿದ್ದರು. ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಹುಟ್ಟಿ ಬೆಳೆದ ನನಗೆ ಕೂಡಲೇ ತಿಳಿಯಿತು. ರೈತ ಮೊದಲು ಒಂದು ಮುಷ್ಟಿ ಕಾಳು ತಂದು ತೋರಿಸುತ್ತಾನಲ್ಲ, ಆ ನಮೂನೆ. ಕಥೆ ಇಷ್ಟೇ: ಒಂದು ಎಮ್ಮೆಗೆ ಭೂಕಂಪದ ನಂತರ ತನ್ನ ಮನೆ ಯಾವುದು ಗೊತ್ತಾಗುವುದಿಲ್ಲ, ಏಕೆಂದರೆ ಶೆಡ್ಡುಗಳೆಲ್ಲ ಒಂದೇ ತೆರ. ಅದು ಹಾಡುತ್ತ, ಕುಣಿಯುತ್ತ ಒಂದೊಂದು ಬಾಗಿಲಲ್ಲೂ ತಲೆ ಹಾಕಿ ನೋಡುತ್ತದೆ. ಇದರಲ್ಲಿ ಕಲ್ಪನೆಯೇನೂ ಇರಲಿಲ್ಲ. ದಾಳಿಂಬ ಅನ್ನುವ ಊರಿನ ಕಡೆಯ ನಮ್ಮ ನೆಂಟರೊಬ್ಬರು ಎರಡು ಸಲ ಬೇರೆಯವರ ಶೆಡ್ಡಿನಲ್ಲಿ ಊಟಕ್ಕೆ ಕೂತು ಎದ್ದು ಬಂದಿದ್ದರು.

ತಂಡದ ಸಾಮಾನು ಇಡಲು ನಮ್ಮ ಅಪ್ಪ ಗೋದಾಮು ಕೊಟ್ಟಿದ್ದರು. ಮೂರನೇ ದಿನ ಅವರ ಎಮ್ಮೆಯ ಹಿಂದಿನ ಅರ್ಧ ನಮ್ಮ ಮನೆಯ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ರುಚಿಯಾಗಿದೆ ಅಂತ ಬಟ್ಟಲುಗಟ್ಟಲೆ ತಿಂದು ಹೊಟ್ಟೆ ಕೆಟ್ಟು ಮಲಗಿಬಿಟ್ಟ. ಅತಿಥಿ ನಮ್ಮ ಮನೆಯ ಅಡುಗೆಯಿಂದ ಬಿದ್ದ ಮೇಲೆ ಆ ಜಾಗ ತುಂಬುವುದು ನಮ್ಮ ಜವಾಬ್ದಾರಿ ಅಂತ ಅಪ್ಪ ನನ್ನನ್ನು ಕಳಿಸಿದರು. ನನ್ನ ಕಲಾಜೀವನ ಶುರುವಾದದ್ದು ಹೀಗೆ.

ಇನ್ನು ಹಾಡಿನ ವಿಷಯ. ಅದು ರೆಗೆ ಎಂಬ ಸಂಗೀತದ ಒಗ್ಗರಣೆ ಬಿದ್ದ ಪಾಪ್ ಹಾಡು. ರೆಗೆ ಜಮೈಕಾ ಅನ್ನುವ ದೂರದ ದ್ವೀಪದ್ದಂತೆ, ಅಲ್ಲಿಯೂ ಕಬ್ಬು ಬೆಳೆಯುತ್ತಾರಂತೆ. ನಮ್ಮ ಭಜನೆಯಲ್ಲಿ ತಾಳದ ಮೊದಲ ಮಾತ್ರೆ, ಅಂದರೆ ಸಮ, ಬಹಳ ಮುಖ್ಯ. ಹಾಡುವವನು ಎಲ್ಲಿ ತಿರುಗಾಡಿದರೂ ಪೇಟಿ, ಪಖವಾಜು, ತಾಳ ಎಲ್ಲ ಸೇರಿ ಸಮಕ್ಕೆ ಬಂದು ಕೂಡುತ್ತವೆ, ಕೇಳುವವರ ತಲೆಗಳು ತಾವಾಗಿಯೇ ತೂಗುತ್ತವೆ. ರೆಗೆಯಲ್ಲಿ ಆ ಜಾಗವನ್ನೇ ಖಾಲಿ ಬಿಡುತ್ತಾರೆ. ಗಿಟಾರು ನಡುವಿನ ಸಂದಿಯಲ್ಲಿ ಚಕ್, ಚಕ್ ಅನ್ನುತ್ತದೆ. ಪಖವಾಜು ಬಾರಿಸಲು ಗುಂಜೋಟಿಯಿಂದ ಶಿವಲಿಂಗಪ್ಪ ಕಾಕಾರನ್ನು ಕರೆಸಿದ್ದರು. ಮೊದಲ ಮಾತ್ರೆ ಬಿಟ್ಟು ಬಾರಿಸಿರಿ ಅಂದಾಗ ಕಾಕಾ ಕೈ ಎತ್ತಿ ಹಾಗೆಯೇ ಕೂತರು. ನಾಲ್ಕು ಮಂದಿ ಕೂಡುವ ಜಾಗವನ್ನೇ ಬಿಟ್ಟರೆ ಮತ್ತೆ ಕೂಡುವುದೆಲ್ಲಿ ಅಂತ ಅವರ ಪ್ರಶ್ನೆ. ಒಂದು ದಿನವೆಲ್ಲ ಯೋಚಿಸಿ, ‘ಇರಲಿ, ಭೂಮಿತಾಯಿನೇ ತಾಳ ತಪ್ಯಾಳ, ಇವರಿಗೇನ ಅನ್ನೂದು’ ಅಂತ ಬಾರಿಸಿದರು. ಬಾರಿಸತೊಡಗಿದ ಮೇಲೆ ಬಹಳ ಚೆನ್ನಾಗಿಯೇ ಬಾರಿಸಿದರು.

ಕಾಕಾರ ಕೈ ಕಲಿಯಿತು, ನನ್ನ ಕಾಲು ಕಲಿಯಲಿಲ್ಲ. ಹುಟ್ಟಿದಾಗಿನಿಂದ ಸೋಮವಾರದ ಭಜನೆಯಲ್ಲಿ ಬೆಳೆದ ಕಾಲು. ಸಮ ಬಂತೋ, ಧಪ್ ಅಂತ ಬೀಳುತ್ತಿತ್ತು. ಮುಂದಿನ ಮುಂಬೈಯವನು ಗಿಟಾರಿನ ಚಕ್, ಚಕ್‌ಗೆ ಕುಣಿಯುವವನು, ಹಿಂದಿನ ನಾನು ಸಮಕ್ಕೆ ಕುಣಿಯುವವನು. ಮುಂಭಾಗ ಶೆಡ್ಡಿನೊಳಗೆ ತಲೆ ಹಾಕುವ ಹೊತ್ತಿಗೆ ಹಿಂಭಾಗ ಪಕ್ಕದ ಶೆಡ್ಡಿಗೆ ಹೊರಟಿರುತ್ತಿತ್ತು. ಎಮ್ಮೆ ನಡುವಿನಲ್ಲಿ ಹಿಂಡಿದ ಪಂಚೆಯಂತೆ ತಿರುಚಿಕೊಳ್ಳುತ್ತಿತ್ತು. ನಿರ್ದೇಶಕರು ತಲೆ ಚಚ್ಚಿಕೊಂಡರು. ನನಗೆ ಒಳಗೆ ಕತ್ತಲೆ, ಬೆವರು, ಗೋಣಿಯ ವಾಸನೆ. ಹೊರಗೆ ಮಕ್ಕಳು ಗಲಾಟೆ ಮಾಡುವುದಷ್ಟೇ ಕೇಳುತ್ತಿತ್ತು.

ನಮೂನೆ ಮೇಲಿನವರಿಗೆ ಹೋಯಿತು. ಇದರಲ್ಲಿ ಮಕ್ಕಳಿಗೆ ನೀತಿ ಏನಿದೆ ಅಂತ ಮೇಲಿನವರು ಕೇಳಿದರಂತೆ. ನೀತಿ ಇರಲಿಲ್ಲ, ಎಮ್ಮೆ ಇತ್ತು. ಕಂತು ಪ್ರಸಾರವಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ತಂಡದವರು ಗೋದಾಮಿನ ಉಪಕಾರಕ್ಕೆಂದು ಒಂದು ಕ್ಯಾಸೆಟ್ಟು ಕಳಿಸಿಕೊಟ್ಟರು. ವಿಸಿಆರ್‌ನಲ್ಲಿ ಹಾಕಿ ನೋಡುವ ದೊಡ್ಡ ಕ್ಯಾಸೆಟ್ಟು. ಅದು ಬಂದದ್ದು ಲಕ್ಷ್ಮೀಪೂಜೆಯ ದಿನವೇ. ಅಪ್ಪ ತಕ್ಕಡಿ, ತೂಕದ ಕಲ್ಲುಗಳಿಗೆ ವಿಭೂತಿ ಹಚ್ಚುತ್ತ ಕೂತಿದ್ದರು. ಕೈಗೆ ಬಂದ ಕ್ಯಾಸೆಟ್ಟಿಗೂ ಮೂರು ಬೆರಳಿನಿಂದ ಬಳಿದು ದೇವರ ಜಗಲಿಯ ಮೇಲೆ ಇಟ್ಟರು. ನಮ್ಮ ಮನೆಯಲ್ಲಿ ಒಂದು ಸಲ ಜಗಲಿ ಏರಿದ್ದು ಇಳಿಯುವುದಿಲ್ಲ. ಸತ್ತುಹೋದ ಕ್ಯಾಲ್ಕುಲೇಟರ್ ಒಂದು ಅಲ್ಲಿ ಇವತ್ತಿಗೂ ಪೂಜೆ ಮಾಡಿಸಿಕೊಳ್ಳುತ್ತದೆ. ಮನೆಯಲ್ಲಿ ವಿಸಿಆರ್ ಇರಲಿಲ್ಲ. ಬಸ್‌ಸ್ಟ್ಯಾಂಡಿನ ವಿಡಿಯೋ ಅಂಗಡಿಗೆ ಒಯ್ದು ನೋಡಿಕೊಂಡು ಬರುತ್ತೇನೆ ಅಂದರೆ ಅಪ್ಪ ಕಣ್ಣು ಕೆಂಪಗೆ ಮಾಡಿದರು. ‘ಆ ಡಬ್ಬಿ ಒಳಗ ಎಂಥೆಂಥಾ ಪಿಚ್ಚರ್ ಹೋಗಿ ಬಂದಾವ ಗೊತ್ತದೇನು ನಿನಗ? ಜಗಲಿ ಮ್ಯಾಲಿಂದು ಅದರೊಳಗ ಹಾಕತಿ?’ ಅಂದರು. ಎಂಥೆಂಥಾ ಅನ್ನುವುದು ಅಪ್ಪನಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ. ಹೀಗೆ ನನ್ನ ಏಕೈಕ ಸಾಕ್ಷಿ ನನ್ನ ಮನೆಯಲ್ಲೇ, ನನ್ನ ಕಣ್ಣೆದುರಿಗೇ, ವರ್ಷಕ್ಕೊಮ್ಮೆ ವಿಭೂತಿ, ತೆಂಗಿನ ನೀರು, ಚೆಂಡುಹೂವು ಸ್ವೀಕರಿಸುತ್ತ ಕೂತಿತು. ಅಪ್ಪ ಲಿಂಗೈಕ್ಯರಾಗುವ ಹೊತ್ತಿಗೆ ವಿಡಿಯೋ ಅಂಗಡಿಗಳೂ ಆಗಿಹೋಗಿದ್ದವು.

ಹೋದ ವರ್ಷ ಪುಣೆಯಿಂದ ಒಂದು ಹುಡುಗಿ ಫೋನು ಮಾಡಿದಳು. ಮೃಣಾಲ್ ಅಂತ ಹೆಸರು. ತಂಡದ ಹಳೆಯ ಕಾಗದಗಳಲ್ಲಿ ನಮ್ಮ ಗೋದಾಮಿನ ಹೆಸರು ಸಿಕ್ಕಿತ್ತಂತೆ. ಅವಳೂ ಅವಳಂಥವರೂ ಇಂಟರ್ನೆಟ್ಟಿನಲ್ಲಿ ಒಂದು ಬಳಗ ಕಟ್ಟಿಕೊಂಡಿದ್ದಾರೆ. ಕಳೆದುಹೋದ ಮಕ್ಕಳ ಟಿವಿ ಪೈಲಟ್‌ಗಳನ್ನು ಹುಡುಕುವುದೇ ಅವರ ಕಾಯಕ. ಪ್ರಸಾರವೇ ಆಗದ್ದು, ಯಾರೂ ನೋಡದ್ದು ಕಳೆದುಹೋಯಿತಲ್ಲ ಅಂತ ಇಷ್ಟು ಮಂದಿ ಊಟ ಬಿಟ್ಟು ಮರುಗುತ್ತಾರೆ ಅಂದರೆ ನಂಬುತ್ತೀರಾ? ನಮ್ಮ ಕಡೆ ಊರಿಗೆ ಊರೇ ಕಳೆದುಹೋದಾಗ ಹುಡುಕಿಕೊಂಡು ಬಂದ ಮಂದಿಯೂ ಇಷ್ಟು ತಾಳ್ಮೆಯವರಾಗಿರಲಿಲ್ಲ. ಎಮ್ಮೆಯ ಹಾಡು ಮಾಡಿದವನು ಒಂದೇ ಒಂದು ಹಾಡಿನ ಕ್ಯಾಸೆಟ್ಟು ತಂದು ಸಂಗೀತ ಬಿಟ್ಟವನಂತೆ, ಆದ್ದರಿಂದಲೇ ಈಗ ಅವನಿಗೆ ಭಕ್ತರು ಬಹಳವಂತೆ. ಇದನ್ನೆಲ್ಲ ಹೇಳಿ ಕೊನೆಗೆ ಆ ಹುಡುಗಿ ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿದಳು: ಕಾಕಾ, ನೀವು ಅದರಲ್ಲಿ ಇದ್ದಿರಾ? ಮೂವತ್ತು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರಲ್ಲಿ ಅವಳೇ ಮೊದಲಿಗಳು. ಇದ್ದೆ ಅಂದೆ, ಕ್ಯಾಸೆಟ್ಟೂ ಇದೆ ಅಂದೆ.

ಕ್ಯಾಸೆಟ್ಟು ಜಗಲಿಯಿಂದ ಇಳಿಯಿತು. ಮೊದಲು ನಿಲಂಗಾದಲ್ಲಿ, ಒಂದು ಕಾಲಕ್ಕೆ ಮದುವೆಯ ವಿಡಿಯೋ ತೆಗೆಯುತ್ತಿದ್ದವನ ಹಳೆಯ ವಿಸಿಆರ್‌ಗೆ ಹಾಕಿದೆವು. ಅದು ಒಂದು ಚಮಚೆ ವಿಭೂತಿ ಉಗುಳಿ ಶಿವಸಾಯುಜ್ಯ ಹೊಂದಿತು. ಆಮೇಲೆ ಪುಣೆಗೆ ಹೋಯಿತು. ಮೃಣಾಲ್‌ಳ ಬಳಗದವರು ತಿಂಗಳುಗಟ್ಟಲೆ ಅರಿವೆ, ಕುಂಚ ಹಿಡಿದು ಒರೆಸಿ ಏಳು ನಿಮಿಷ ಉಳಿಸಿಕೊಂಡರು. ಆ ಏಳು ನಿಮಿಷವೂ ಚಿತ್ರದ ಮೇಲ್ಭಾಗದಲ್ಲಿ ಅಡ್ಡಡ್ಡ ಮೂರು ಬಿಳಿ ಗೆರೆ. ಇಂಟರ್ನೆಟ್ಟಿನ ಪಂಡಿತರು ಮೂರು ಗೆರೆಗಳ ಮೇಲೆ ಬರೆದದ್ದೇ ಬರೆದದ್ದು. ಒಬ್ಬರು ಅದು ಒಡೆದ ಭೂಮಿಯ ಪದರಗಳ ಸಂಕೇತ ಅಂದರು. ಇನ್ನೊಬ್ಬರು ಎಮ್ಮೆಯ ಹಿಂಗಾಲುಗಳು ಬೇಕೆಂದೇ ರೆಗೆಯ ಖಾಲಿ ಜಾಗವನ್ನು ತುಂಬಿ ವಸಾಹತುಶಾಹಿಗೆ ಉತ್ತರ ಕೊಟ್ಟಿವೆ ಅಂದರು. ನಾನು ಇದನ್ನು ಮೃಣಾಲ್‌ಳಿಂದ ಮೂರು ಸಲ ಓದಿಸಿ ಕೇಳಿದೆ.

ಅಂಗಡಿಯ ಮುಂದೆ ಪರದೆ ಕಟ್ಟಿಸಿ ಊರಿನವರನ್ನು ಕರೆದೆ. ಹೆಂಡತಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಇವತ್ತಿಗೆ ನನ್ನ ಮೂವತ್ತು ವರ್ಷದ ಅಪವಾದ ತೊಳೆದುಹೋಗುತ್ತದೆ ಅಂದುಕೊಂಡಿದ್ದೆ. ಪರದೆಯ ಮೇಲೆ ಎಮ್ಮೆ ಬಂತು, ಕುಣಿಯಿತು, ತಿರುಚಿಕೊಂಡಿತು, ಹೋಯಿತು. ಎಲ್ಲರೂ ನನ್ನನ್ನು ನೋಡಿದರು. ನಾನೆಲ್ಲಿ ಅಂತ ಕೇಳಿದರು. ಒಳಗೆ ಅಂದೆ. ಆ ನಗೆಯನ್ನು ವರ್ಣಿಸಲು ನನಗೆ ಇಷ್ಟವಿಲ್ಲ. ಎಮ್ಮೆಯ ಚರ್ಮದೊಳಗಿದ್ದವನಿಗೆ ಎಮ್ಮೆಯೇ ಸಾಕ್ಷಿ ಆಗಲಾರದು ಅನ್ನುವುದು ಮೂವತ್ತು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ ನೋಡಿ. ಇಂಥ ಬುದ್ಧಿಗೆ ಹಿಂಗಾಲೇ ಸರಿಯಾದ ಪಾತ್ರ.

 ಮರುದಿನ ಶಾಂತಾ ನನ್ನ ಫೋನು ಇಸಿದುಕೊಂಡು ಅಡುಗೆಮನೆಯಲ್ಲಿ ಆ ಏಳು ನಿಮಿಷವನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡಿದಳು. ಒಂದು ಕಡೆ ನಿರ್ದೇಶಕರು ಹೊರಗಿನಿಂದ ಬೈಯುವುದು ಕೇಳಿಸುತ್ತದೆ. ಆಗ ಎಮ್ಮೆ ಸುಮ್ಮನೆ ನಿಂತು ಹಿಂದಿನ ಬಲಗಾಲಿನ ಹೆಬ್ಬೆರಳಿನಿಂದ ಎಡಗಾಲಿನ ಹಿಂಬದಿ ಕೆರೆದುಕೊಳ್ಳುತ್ತದೆ. ಫೋನು ನನ್ನ ಮುಂದೆ ಹಿಡಿದು ಶಾಂತಾ ಹೇಳಿದಳು, ‘ಈ ಕಾಲ ನಿಮ್ಮವ. ನಾ ಬೈದಾಗೆಲ್ಲಾ ಹಿಂಗೇ ಕೆರಕೋತೀರಿ. ಇಪ್ಪತ್ತಾರ ವರ್ಷದಿಂದ ನೋಡಲಿಕತ್ತೀನಿ.’ ನನಗೆ ಆನಂದವಾಯಿತು. ಹಿಂದಿನ ಅರ್ಧ ಮಾತ್ರ ಅನ್ನುವ ಗುಟ್ಟೂ ರಟ್ಟಾಗಿತ್ತು, ಆದರೆ ಅವಳು ಆ ವಿಷಯ ಎತ್ತಲಿಲ್ಲ. ಊಟಕ್ಕೆ ಬಡಿಸಿದಳು.

ಹೆಂಡತಿ ನಂಬಿದರೆ ಮನುಷ್ಯನಿಗೆ ಸಾಕಾಗಬೇಕು. ನನಗೆ ಸಾಕಾಗಲಿಲ್ಲ. ಊರಿಗೆ ಸಾಕ್ಷಿ ಬೇಕಿತ್ತು. ಚಿತ್ರದಲ್ಲಿ ಒಬ್ಬ ಎಂಟು ವರ್ಷದವನಿದ್ದಾನೆ, ಮೊಣಕಾಲಿನವರೆಗೆ ಇಳಿದ ಉಣ್ಣೆಯ ಸ್ವೆಟರ್ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ಕೂತು ನಗುತ್ತ ನಗುತ್ತ ಹಿಂದಕ್ಕೆ ಉರುಳಿ ಬೀಳುತ್ತಾನೆ. ಅಷ್ಟು ಹತ್ತಿರವಿದ್ದವನು ನಾನು ಚರ್ಮದಿಂದ ಹೊರಗೆ ಬಂದದ್ದನ್ನು ನೋಡಿಯೇ ಇರಬೇಕು. ವಿಚಾರಿಸಿದಾಗ ಹೆಸರು ಬಸವರಾಜ, ಈಗ ಉದಗೀರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಅಂತ ತಿಳಿಯಿತು. ಉದಗೀರ ಶಾಂತಾಳ ತವರು. ಇಬ್ಬರೂ ಹೋದೆವು.

ಬಸವರಾಜ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಕುರ್ಚಿ ಕೊಟ್ಟು ಚಹ ಹೇಳಿ ಕಳಿಸಿದ. ನಾನು ಏನೂ ವಿವರಿಸದೆ ಫೋನನ್ನು ಅವನ ಕೈಗೆ ಕೊಟ್ಟೆ. ಅವನು ಗ್ರೀಸಿನ ಕೈ ಪ್ಯಾಂಟಿಗೆ ಒರೆಸಿಕೊಂಡು ನೋಡಿದ. ಸ್ವೆಟರ್ ಬಂದ ಜಾಗದಲ್ಲಿ ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದ, ಮತ್ತೆ ತಿರುಗಿಸಿದ. ಚಹ ಬಂದು ಆರಿತು.

‘ಅವ್ವ ಹೋಗಿ ಏಳೆಂಟು ತಿಂಗಳಾಗಿತ್ತು’ ಅಂದ. ‘ಅಲ್ಲೀತನಕ ನಾ ನಕ್ಕಿದ್ದಿಲ್ಲ, ಮಾತೂ ಆಡಿದ್ದಿಲ್ಲ. ಏನೇನೋ ಕಾಗದ ತುಂಬಿಸಿಕೊಂಡು ಹೋದ್ರು. ಈ ಎಮ್ಮಿ ಬಂತು. ಇದಕ್ಕೂ ಮನಿ ಸಿಗವಲ್ದು ಅಂತ ಮದಲ ಕೆಟ್ಟ ಅನಸ್ತು. ಆಮ್ಯಾಗ ಇದರ ಹಿಂದಿಂದು ಬ್ಯಾರೆ ಮನಿಗಿ ಹೊಂಟಿತು ನೋಡ್ರಿ...’  ಅಷ್ಟು ಹೇಳುವಷ್ಟರಲ್ಲಿ ಮೀಸೆ ಅಲುಗುವಂತೆ ನಕ್ಕ.

ನನಗೆ ನಾಚಿಕೆಯಾಯಿತು. ಸಾಕ್ಷಿ ಕೇಳಲು ಬಂದವನು ಅದನ್ನು ಕೇಳದೆಯೇ ಹೊರಡೋಣ ಅಂತ ಚೀಲ ಕೈಗೆ ತೆಗೆದುಕೊಂಡೆ. ಶಾಂತಾಳಿಗೆ ಮಾತ್ರ ತಡೆಯಲಾಗಲಿಲ್ಲ. ಅವಳ ಧ್ವನಿಯಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೆ ಮೊದಲು ಕೇಳಿದವನಲ್ಲ. ‘ಅದರೊಳಗ ಇದ್ದಂವರು ನಮ್ಮನಿಯವರೇ ಇದ್ರಪಾ’ ಅಂದಳು.

ಬಸವರಾಜ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನನ್ನ ಬೊಕ್ಕ ತಲೆ, ಹೊಟ್ಟೆ, ಹಣೆಯ ವಿಭೂತಿ, ಕೈಯ ಚೀಲ ಎಲ್ಲ ನೋಡಿದ. ಆಮೇಲೆ ಬಹಳ ಸಮಾಧಾನದಿಂದ, ದೊಡ್ಡವರ ತಪ್ಪು ತಿದ್ದುವವರ ಹಾಗೆ ಶಾಂತಾಳಿಗೆ ಹೇಳಿದ:

‘ಇಲ್ಲ ಕಾಕು. ಆ ಎಮ್ಮಿ ಒಳಗ ಯಾರೂ ಇದ್ದಿಲ್ಲ.’

ಶಾಂತಾ ನನ್ನ ಮುಖ ನೋಡಿದಳು. ನಾನು ಆರಿದ ಚಹ ಕುಡಿದು ಲೋಟ ಕೆಳಗಿಟ್ಟೆ.

‘ಖರೆ ಅದ ಬಸವರಾಜ’ ಅಂದೆ. ‘ನಾನೂ ಭಾಳ ಹತ್ತರದಿಂದ ನೋಡೀನಿ. ಒಳಗ ಯಾರೂ ಇದ್ದಿಲ್ಲ.’