ಮಾವನವರು ಸರಿ ತಿಂದದ್ದು

ಶಾಲೆಯಲ್ಲಿ ‘ಸರಿ’ ಎಂಬ ಮಾತಿನ ಅರ್ಥಗಳನ್ನು ಹೇಳಿಕೊಡುವಾಗ ನಾನು ಒಂದನ್ನು ಬೇಕೆಂದೇ ಬಿಟ್ಟುಬಿಡುತ್ತಿದ್ದೆ. ಒಪ್ಪಿದರೂ ಸರಿ, ಪಕ್ಕಕ್ಕೆ ಜರುಗು ಎಂದರೂ ಸರಿ, ಬೆಸವಲ್ಲದ ಸಂಖ್ಯೆಯೂ ಸರಿ. ಇಷ್ಟಕ್ಕೆ ನಿಲ್ಲಿಸಿದರೆ ಕ್ಷೇಮ. ಹಲ್ಲು ಬಾರದ ಕೂಸಿಗೆ ತಿನ್ನಿಸುವ ರಾಗಿ ಸರಿಯ ತನಕ ಹೋದೆನೋ, ನಮ್ಮ ಮಾವನವರ ಮುಖ ಕಣ್ಣಮುಂದೆ ಬಂದು ಮೇಷ್ಟ್ರ ಗಾಂಭೀರ್ಯವೆಲ್ಲ ಕೆಟ್ಟುಹೋಗುತ್ತಿತ್ತು.

ನಾನಾಗ ಚಾಮರಾಜನಗರದಲ್ಲಿ ಕನ್ನಡ ಮೇಷ್ಟ್ರು. ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು, ನನ್ನ ಸಂಬಳಕ್ಕೆ ಮಾತ್ರ ಅದರ ಸುದ್ದಿ ಇನ್ನೂ ತಲುಪಿರಲಿಲ್ಲ. ಮಗಳು ರಾಜಿ ಮೊದಲ ಅನ್ನ ಉಣ್ಣುವ ವಯಸ್ಸಿಗೆ ಬಂದಳು. ಓದಿದವರ ಮನೆಗಳಲ್ಲಿ ಆಗ ಕೂಸಿಗೆ ಡಬ್ಬಿ ಹಿಟ್ಟು ತರಿಸುವುದು ಶುರುವಾಗಿತ್ತು. ಡಬ್ಬಿಯ ಮೇಲೆ ಒಂದು ಬಿಳಿಯ ಕೂಸಿನ ಚಿತ್ರ. ಅದರ ಕೆನ್ನೆ ನೋಡಿದರೆ ಒಳಗಿರುವುದನ್ನೆಲ್ಲ ಅದೇ ತಿಂದು ಮುಗಿಸಿ ನಮಗೆ ತಗಡು ಮಾರುತ್ತಿದೆಯೇನೋ ಅನ್ನಿಸುತ್ತಿತ್ತು. ಓದಿದವನೆಂಬ ಹೆಮ್ಮೆಗೆ ನಾನೂ ಮೈಸೂರಿನಿಂದ ಒಂದು ತರಿಸಿದೆ. ಆ ತಿಂಗಳು ನಾವು ದೊಡ್ಡವರಿಬ್ಬರೂ ಸೊಪ್ಪಿನ ಸಾರಿನಲ್ಲೇ ಕಾಲ ಹಾಕಿದೆವು.

ನನ್ನ ಹೆಂಡತಿ ಗೌರಮ್ಮ ಗುಂಡ್ಲುಪೇಟೆಯವಳು, ಜಮೀನಿದ್ದವರ ಮನೆಯ ಮಗಳು. ಇನ್ನು ಮೇಲೆ ಡಬ್ಬಿ ಬೇಡ ಎಂದು ತೀರ್ಮಾನಿಸಿದಳು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದಳು. ಹಿಟ್ಟು ಸೋಸಲು ಮನೆಯಲ್ಲಿ ಎಲ್ಲಕ್ಕಿಂತ ನಯವಾದ ಬಟ್ಟೆ ಬೇಕು ಎಂದು ಹುಡುಕಿದಾಗ ಸಿಕ್ಕಿದ್ದು ನನ್ನ ಮದುವೆಯ ಪಂಚೆ. ಅದನ್ನು ಹರಿಯುವ ಮುಂಚೆ ನನ್ನನ್ನು ಕೇಳಿದಳೆಂದು ಅವಳು ಇಂದಿಗೂ ಸಾಧಿಸುತ್ತಾಳೆ. ಏನಾದರಾಗಲಿ, ಆ ಪಂಚೆ ನನ್ನ ಸೊಂಟದ ಮೇಲಿದ್ದಾಗ ಪಡೆಯದ ಹೊಗಳಿಕೆಯನ್ನು ಅಡುಗೆಮನೆಯಲ್ಲಿ ಪಡೆಯಿತು. ಹಾಲು ಬೆಲ್ಲ ಹಾಕಿ ಕಾಯಿಸಿದ ಸರಿ, ಬೇಯಿಸಿ ಹಿಸುಕಿದ ಸಿಹಿಗುಂಬಳ, ತುಪ್ಪದಲ್ಲಿ ಮಿದ್ದ ನೇಂದ್ರ ಬಾಳೆಹಣ್ಣು, ರಾಜಿ ಎಲ್ಲಕ್ಕೂ ಬಾಯಿ ತೆರೆದಳು. ನಾನು ಮೇಷ್ಟ್ರುಗಳ ಕೋಣೆಯಲ್ಲಿ ಕೂತು ಮಿತವ್ಯಯದ ಮೇಲೆ ಉಪನ್ಯಾಸ ಕೊಡತೊಡಗಿದೆ. ರಾಗಿಗೆ ಮೊಳಕೆ ಬರುವುದನ್ನು ನಾನೇ ಕಂಡುಹಿಡಿದವನಂತೆ ಮಾತಾಡುತ್ತಿದ್ದೆ ಎಂದು ಗೆಳೆಯರು ಆಮೇಲೆ ಹೇಳಿದರು.

ಈ ಉಳಿತಾಯದ ನಡುವೆ ಗುಂಡ್ಲುಪೇಟೆಯಿಂದ ಮಾವನವರು ಬಸ್ಸಿಳಿದರು. ಹೆಸರು ಗುರುಮಲ್ಲಪ್ಪ. ಹೆಗಲ ಮೇಲೆ ಶಾಲು, ಹಣೆ ತುಂಬ ವಿಭೂತಿ. ಅವರು ಕೆಮ್ಮಿದರೆ ಆಳುಕಾಳುಗಳಿರಲಿ, ಎತ್ತುಗಳೂ ನೆಟ್ಟಗೆ ನಿಲ್ಲುತ್ತಿದ್ದವು. ಮೊಮ್ಮಗಳನ್ನು ನೋಡಲು ಬಂದೆ ಎಂದರು. ನಿಜವಾಗಿ ಅವರನ್ನು ಕಳಿಸಿದ್ದು ಅತ್ತೆಯವರು. ಅವರು ಯಾರ ಕೈಲೋ ಮಗಳಿಗೆ ಮೊದಲೇ ಹೇಳಿಕಳಿಸಿದ್ದರು: ನಿಮ್ಮಪ್ಪ ತಟ್ಟೆ ಮುಟ್ಟುತ್ತಿಲ್ಲ, ದಿನದಿನಕ್ಕೆ ಸೊರಗುತ್ತಿದ್ದಾರೆ, ಕೇಳಿದರೆ ಗದರುತ್ತಾರೆ, ಏನು ಕಾಯಿಲೆಯೋ ನೀನಾದರೂ ನೋಡು ಎಂದು. ಅಪ್ಪನ ಕೊರಳ ಮೂಳೆ ಎದ್ದದ್ದನ್ನು ಕಂಡು ಗೌರಮ್ಮ ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ಕಾಯಿಲೆ ಎಲ್ಲಿದೆ ಎಂದು ಎರಡೇ ದಿನಕ್ಕೆ ತಿಳಿಯಿತು. ಅದು ಅವರ ಕೋಟಿನ ಜೇಬಿನಲ್ಲಿ, ಕರವಸ್ತ್ರದಲ್ಲಿ ಸುತ್ತಿಕೊಂಡಿತ್ತು. ಮೈಸೂರಿನಲ್ಲಿ ಹಲ್ಲೆಲ್ಲ ಕೀಳಿಸಿ ಹೊಸ ಹಲ್ಲುಕಟ್ಟು ಮಾಡಿಸಿಕೊಂಡಿದ್ದರು. ಅದು ಮಾತಾಡಲು ಚೆನ್ನಾಗಿತ್ತು, ಗದರಲು ಇನ್ನೂ ಚೆನ್ನಾಗಿತ್ತು. ಅಗಿಯಲು ಮಾತ್ರ ಬಾರದು, ವಸಡು ಕೊಯ್ಯುತ್ತಿತ್ತು. ಅದನ್ನು ತೆಗೆದಿಟ್ಟು ಬೊಚ್ಚುಬಾಯಲ್ಲಿ ನಾಲ್ಕು ಜನರ ಮುಂದೆ ಗಂಜಿ ಕುಡಿಯುವುದೆಂದರೆ, ಅವರ ಪ್ರಕಾರ, ಜಮೀನು ಬರೆದುಕೊಟ್ಟ ಹಾಗೆ. ಹಾಗಾಗಿ ಕಾಫಿ, ಮಜ್ಜಿಗೆ ಮತ್ತು ಮರ್ಯಾದೆಯ ಮೇಲೆ ಬದುಕಿದ್ದರು.

ಬಂದ ದಿನವೇ ಸರಿಯ ಬಟ್ಟಲು ನೋಡಿ ಅವರು ಮುಖ ಸಿಂಡರಿಸಿದರು. ಗುರುಮಲ್ಲಪ್ಪನ ಮೊಮ್ಮಗಳು ರಾಗಿ ಅಂಬಲಿ ಕುಡಿಯುವ ಗತಿ ಬಂತೇ, ಮೇಷ್ಟ್ರಿಗೆ ಡಬ್ಬಿ ತರುವ ಯೋಗ್ಯತೆ ಇಲ್ಲವೇ ಎಂದು ನನ್ನ ಕಡೆ ತಿರುಗದೆಯೇ ನನಗೆ ಹೇಳಿದರು. ನಾನು ಕಿಟಕಿಯಾಚೆಗಿನ ತೆಂಗಿನಮರವನ್ನು ಬಹಳ ಆಸಕ್ತಿಯಿಂದ ನೋಡಿದೆ. ಗೌರಮ್ಮ ಮಾತ್ರ ನಕ್ಕಳು. ಮೂರನೆಯ ದಿನ ಬೆಳಗ್ಗೆ ರಾಜಿಯನ್ನು ತಾತನ ತೊಡೆಯ ಮೇಲೆ ಕೂರಿಸಿ, ಬಟ್ಟಲು ಕೈಗೆ ಕೊಟ್ಟು, ಬಿಸಿ ಆರಿದೆಯೋ ಒಂದಿಷ್ಟು ನೋಡಿ ತಿನ್ನಿಸಿ ಎಂದು ಹೇಳಿ ಒಳಗೆ ಹೋದಳು.

ಮಾವನವರು ಬಿಸಿ ನೋಡಿದರು. ಇನ್ನೊಮ್ಮೆ ನೋಡಿದರು. ರಾಜಿಗೆ ಒಂದು ಚಮಚ, ಬಿಸಿ ನೋಡಲು ಎರಡು ಚಮಚ. ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ ನಾನು ಪುಟ ತಿರುಗಿಸುವುದನ್ನೇ ಮರೆತೆ. ಕೂಸು ಬಾಯಿ ತೆರೆದುಕೊಂಡೇ ಕಾಯುತ್ತಿತ್ತು, ಚಮಚ ದಾರಿಯಲ್ಲೇ ತಾತನ ಮೀಸೆಯೊಳಗೆ ಮಾಯವಾಗುತ್ತಿತ್ತು.

ಗೌರಮ್ಮನಿಗೆ ಇದೆಲ್ಲ ಗೊತ್ತಿತ್ತು. ಮರುದಿನ ಬಟ್ಟಲು ಹೋಗಿ ಚೊಂಬು ಬಂತು. ಅದರ ಮರುದಿನ ಸರಿಯ ಜೊತೆಗೆ ಕುಂಬಳಕಾಯಿ, ಮೇಲೆ ಬೆರಳುದ್ದ ತುಪ್ಪ. ಮಾವನವರ ಪರೀಕ್ಷೆ ದಿನೇ ದಿನೇ ಕಟ್ಟುನಿಟ್ಟಾಯಿತು: ಕೂಸಿಗೆ ಬೆಲ್ಲ ಸಾಲದು, ಕೂಸಿಗೆ ಬಾಳೆಹಣ್ಣು ಇನ್ನೂ ಮಾಗಬೇಕು, ಕೂಸಿಗೆ ಸಂಜೆಗೂ ಒಂದಿಷ್ಟು ಮಾಡುವುದು ಒಳ್ಳೆಯದು. ಡಬ್ಬಿ ಬಿಟ್ಟು ಉಳಿಸಿದ್ದೆಲ್ಲ ತುಪ್ಪದ ದಾರಿಯಲ್ಲಿ ಹೋಗುತ್ತಿದ್ದುದನ್ನು ಕಂಡು ನಾನು ಉಪನ್ಯಾಸ ನಿಲ್ಲಿಸಿದೆ. ಆದರೆ ಅವರ ಕೆನ್ನೆ ತುಂಬಿತು, ಕೆಮ್ಮಿಗೆ ಹಳೆಯ ಗತ್ತು ಮರಳಿತು.

ಆಟ ಕೆಡಿಸಿದ್ದು ರಾಜಿ. ಅವಳಿಗೆ ಎರಡು ಹಲ್ಲು ಮೂಡಿದವು. ಮೂಡಿದ್ದೇ ತಡ, ಸರಿಯನ್ನು ತಾತನ ಶಾಲಿನ ಮೇಲೆ ಉಗಿದು ನನ್ನ ಕೈಯ ಚಕ್ಕುಲಿಗೆ ಕೈಚಾಚಿದಳು. ಮತ್ತೆ ತಿನ್ನಿಸಿದರೆ ಮತ್ತೆ ಉಗಿದಳು. ಮಾವನವರು ತುಂಬಿದ ಚೊಂಬು ಹಿಡಿದು ಕೂತೇ ಇದ್ದರು. ಆ ಮುಖ ನೋಡಿದರೆ ನಗು ಬರಬೇಕಿತ್ತು, ನನಗೆ ಬರಲಿಲ್ಲ. ಕೂಸಿಲ್ಲದೆ ಅವರಿಗೆ ಊಟವಿರಲಿಲ್ಲ.

ಗೌರಮ್ಮ ಬಂದು ರಾಜಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಅಪ್ಪನ ಮುಂದೆ ದೊಡ್ಡ ತಟ್ಟೆ ಇಟ್ಟು, ಚೊಂಬಿನದನ್ನೆಲ್ಲ ಅದಕ್ಕೆ ಬಗ್ಗಿಸಿದಳು.

“ಅಪ್ಪಾಜಿ, ಇದು ನಿಮಗೇ ಕಣಪ್ಪ ಮಾಡಿರದು. ಮೊದಲಿಂದ್ಲೂ ನಿಮಗೇ.”

ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. ನಾನು ತೆಂಗಿನಮರ ನೋಡಿದೆ. ಆಮೇಲೆ ಬಾಯಿಂದ ಹಲ್ಲುಕಟ್ಟು ತೆಗೆದು ಪಕ್ಕಕ್ಕಿಟ್ಟು, ಬೊಚ್ಚುಬಾಯಲ್ಲೇ ಹೇಳಿದರು:

“ಹಂಗಾದ್ರ ಒಸಿ ತುಪ್ಪ ಬುಡು ಕಣಮ್ಮಿ.”

ಆ ವರ್ಷವೇ ಹರದನಹಳ್ಳಿಯಲ್ಲಿ ನೆಂಟರ ಮದುವೆಯಾಯಿತು. ಊಟದ ಪಂಕ್ತಿಯ ತಲೆಗೆ ಹಿರಿಯರನ್ನು ಕೂರಿಸಿದ್ದರು. ಎಲೆಯ ಮೇಲೆ ಕಜ್ಜಾಯ, ಕಡಲೆಕಾಳಿನ ಪಲ್ಯ, ಹಪ್ಪಳ. ಹಿರಿಯರೆಲ್ಲ ಕಜ್ಜಾಯ ಮುರಿಯುತ್ತ, ಪುಡಿಮಾಡುತ್ತ, ಮಾತಾಡುತ್ತ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂತಿದ್ದರು. ಮಾವನವರು ಬಡಿಸುವವನನ್ನು ಕರೆದು, ಸಾಲಿಗೆಲ್ಲ ಕೇಳುವಂತೆ, ನನಗೆ ಹಲ್ಲಿಲ್ಲ ಕಣಪ್ಪ, ಅನ್ನವನ್ನು ಕೂಸಿಗೆ ಹಿಸುಕಿದ ಹಾಗೆ ನುಣ್ಣಗೆ ಹಿಸುಕಿ ಹಾಲು ತುಪ್ಪ ಹಾಕಿ ತಾ ಎಂದರು.

ಪಕ್ಕದ ಎಲೆಯ ಹಿರಿಯರು ಗಂಟಲು ಸರಿಮಾಡಿಕೊಂಡು, ನನಗೂ ಒಂದಿಷ್ಟು ಎಂದರು. ಅವರಾಚೆಯವರು ಬಾಯಿ ಬಿಡದೆ ಬೆರಳೆತ್ತಿದರು. ಎದುರು ಸಾಲಿನಲ್ಲೂ ಕೈಗಳು ಎದ್ದವು. ಬಡಿಸುವವನು ಕಕ್ಕಾಬಿಕ್ಕಿಯಾಗಿ ಒಳಗೆ ಓಡಿದ. ಸ್ವಲ್ಪ ಹೊತ್ತಿಗೆ ಒಲೆಯ ಮುಂದಿನಿಂದ ಅಡುಗೆಯವನ ದನಿ ಕೇಳಿಸಿತು, ಮದುವೆಗೆ ಎಷ್ಟು ಕೂಸು ಬಂದಿವೆ ಎಂದು ಕೇಳುತ್ತಿದ್ದ.

“ಎಣಿಸ್ಬ್ಯಾಡ ಕಣ್ಲಾ,” ಎಂದರು ಮಾವನವರು, “ಪಾತ್ರೇನೇ ತಂದ್ಬುಡು.”